ಶಿವರುದ್ರಮ್ಮ ಓದಿ ಹೇಳಿದ ಕತೆ

ಭಾನುವಾರ ಬೆಳಿಗ್ಗೆ ರುದ್ರಯ್ಯನವರು ಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿಯಿರುವಾಗಲೇ ಟೀವಿ ಹಾಕಿದ್ದೇ ತಪ್ಪಾಯಿತು. ವಾರ್ತೆ ನೋಡೋಣವೆಂದು ರಿಮೋಟ್ ಒತ್ತಿದರೆ ಬೆರಳು ಎಲ್ಲೋ ಬಿದ್ದು, ಮೂರು ತಿಂಗಳಿಂದ ಮುಟ್ಟದೆ ಬಿಟ್ಟಿದ್ದ ಕೊರಿಯಾ ದೇಶದ ಧಾರಾವಾಹಿಯ ಚಿತ್ರ ಬಂದು ಕೂತಿತು. ಅದರ ಪಕ್ಕದಲ್ಲಿ ಹಿಂದೆಂದೂ ಇರದ ಒಂದು ಕೆಂಪು ಪಟ್ಟಿ, ಪಟ್ಟಿಯೊಳಗೆ ಇಂಗ್ಲಿಷಿನಲ್ಲಿ ನಾಲ್ಕು ಪದ.

ರುದ್ರಯ್ಯನವರಿಗೆ ಇಂಗ್ಲಿಷಿನ ಗಂಧಗಾಳಿ ಇಲ್ಲ. ಮೂವತ್ತೊಂದು ವರ್ಷ ಗುಬ್ಬಿ, ತುಮಕೂರು, ಕುಣಿಗಲ್ ಅಂತ ಬಸ್ಸು ಓಡಿಸಿದವರಿಗೆ ಅದರ ಅಗತ್ಯವೂ ಬಿದ್ದಿರಲಿಲ್ಲ. 'ಚಾಲಕರೊಡನೆ ಮಾತನಾಡಬೇಡಿ' ಎಂದು ಅವರ ಬಸ್ಸಿನಲ್ಲಿ ಕನ್ನಡದಲ್ಲೇ ಬರೆದಿತ್ತು. ಆ ಬೋರ್ಡನ್ನು ಡಿಪೋದಲ್ಲಿ ಬಿಟ್ಟು ಬರುವ ಬದಲು ದಿನಾ ಮನೆಗೂ ಹೊತ್ತು ತರುತ್ತಾರೆ ಎಂದು ತುಮಕೂರಿನ ಸದಾಶಿವನಗರದ ಆ ಬೀದಿಯಲ್ಲಿ ತಮಾಷೆ ಮಾಡುವುದಿತ್ತು. ಮನೆಯಲ್ಲಿ ಇಂಗ್ಲಿಷ್ ಬರುತ್ತಿದ್ದದ್ದು ಹೆಂಡತಿ ಶಿವರುದ್ರಮ್ಮನವರಿಗೆ. ನಲವತ್ತು ವರ್ಷದ ಹಿಂದೆ ಕುಣಿಗಲ್ಲಿನಲ್ಲಿ ಹೆಣ್ಣು ತೋರಿಸಿದ ಮದುವೆ ದಲ್ಲಾಳಿ ದೊಡ್ಡರಂಗಯ್ಯ, "ಹುಡ್ಗಿ ಇಂಗ್ಲಿಷ್ ಪೇಪರ್ ಓದ್ತದೆ" ಎಂದಿದ್ದ. ಅವತ್ತಿನಿಂದ ರುದ್ರಯ್ಯನವರು ಅದನ್ನು ಡಿಪೋದಲ್ಲಿ, ಬೀಗರ ಮನೆಯಲ್ಲಿ, ಹಾಲಿನ ಬೂತಿನಲ್ಲಿ ಎಲ್ಲೆಂದರಲ್ಲಿ ಹೇಳಿಕೊಂಡು ಬಂದಿದ್ದರು. ಮಾತು ಕಮ್ಮಿಯ ಮನುಷ್ಯ ಬಾಯಿಬಿಟ್ಟು ಜಂಬ ಕೊಚ್ಚಿಕೊಂಡ ವಿಷಯವೆಂದರೆ ಅದೊಂದೇ.

ಆದರೆ ಶಿವರುದ್ರಮ್ಮ ತೀರಿಹೋಗಿ ಮೂರು ತಿಂಗಳಾಗಿತ್ತು. ಆದ್ದರಿಂದ ರುದ್ರಯ್ಯನವರು ಮೆಟ್ಟಿಲ ಬಳಿ ನಿಂತು ಮಹಡಿಯ ಬಾಡಿಗೆಯವಳಾದ ಅನುಪಮಾಳನ್ನು ಕೂಗಿದರು. ಅವಳು ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್. ತಲೆಗೆ ಟವೆಲ್ ಸುತ್ತಿಕೊಂಡೇ ಇಳಿದು ಬಂದು ನೋಡಿದಳು.

"ಅಂಕಲ್, ಈ ಸೀರಿಯಲ್ ಇವತ್ತಿಗೆ ಲಾಸ್ಟ್ ಅಂತೆ. ನಾಳೆಯಿಂದ ಟೀವೀಲಿ ಸಿಗಲ್ಲ."

"ಸಿಗಲ್ಲ ಅಂದ್ರೆ? ಎಲ್ಲಿಗೋಗ್ತದೆ?"

"ತೆಗೆದುಬಿಡ್ತಾರೆ ಅಂಕಲ್."

ರುದ್ರಯ್ಯನವರು ಸೋಫಾದ ಮೇಲೆ ಕುಸಿದರು. ಆ ಧಾರಾವಾಹಿಯಲ್ಲಿ ಇನ್ನೆರಡು ಕಂತು ಬಾಕಿಯಿತ್ತು.

ಅದನ್ನು ಅವರಿಬ್ಬರೂ ನೋಡತೊಡಗಿದ್ದೇ ಒಂದು ಆಕಸ್ಮಿಕ. ಶಿವರುದ್ರಮ್ಮನ ತಮ್ಮನ ಮಗ ರವಿಕಿರಣ್, ಶಿರಾ ಗೇಟಿನಲ್ಲಿ ಮೊಬೈಲ್ ಅಂಗಡಿ ಇಟ್ಟವನು, ಹೋದ ಯುಗಾದಿಗೆ ಹೊಸ ಟೀವಿ ತಂದು ಗೋಡೆಗೆ ಹಾಕಿಕೊಟ್ಟಿದ್ದ. ಒಂದು ಸಂಜೆ ಏನೋ ಒತ್ತಿದಾಗ ಇದು ಬಂತು. ಜನ ನೆಲದ ಮೇಲೆ ಕೂತು ಉಣ್ಣುತ್ತಿದ್ದರು, ಹಿರಿಯರಿಗೆ ಸೊಂಟ ಬಗ್ಗಿಸಿ ನಮಸ್ಕಾರ ಮಾಡುತ್ತಿದ್ದರು. "ನೋಡ್ರೀ, ನಮ್ ಹೆಬ್ಬೂರು ಕಡೆಯೋರು ಇದ್ದಂಗವ್ರೆ" ಎಂದರು ಶಿವರುದ್ರಮ್ಮ.

"ಏನ್ ಮಾತಾಡ್ತಾವ್ರೆ?" ಎಂದರು ರುದ್ರಯ್ಯ.

"ಕೆಳಗಡೆ ಇಂಗ್ಲಿಷಲ್ಲಿ ಬರ್ತೈತಲ್ಲ."

"ಓದು ಮತ್ತೆ. ನಿಂಗ್ ಬರುತ್ತಲ್ಲ."

ಶಿವರುದ್ರಮ್ಮ ಪರದೆಯನ್ನೊಮ್ಮೆ, ಗಂಡನನ್ನೊಮ್ಮೆ ನೋಡಿದರು. ಆಮೇಲೆ ಸೆರಗಿನಲ್ಲಿ ಕನ್ನಡಕ ಒರೆಸಿಕೊಂಡು ಓದಿ ಹೇಳತೊಡಗಿದರು. ಅವತ್ತಿನಿಂದ ದಿನಾ ಸಂಜೆ ಏಳಕ್ಕೆ ಒಂದು ಕಂತು. ಮಕ್ಕಳಿಲ್ಲದ ಮನೆ, ಮೂರು ಹೊತ್ತೂ ಪಾತ್ರೆಯ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಮದುವೆಯಾಗಿ ನಲವತ್ತು ವರ್ಷದಲ್ಲಿ ಗಂಡ ಹೆಂಡತಿ ಒಂದೇ ಕಡೆ ಒಂದು ಗಂಟೆ ಕೂತದ್ದು, ಒಬ್ಬರು ಹೇಳಿ ಒಬ್ಬರು ಕೇಳಿದ್ದು ಅದೇ ಮೊದಲು. ರುದ್ರಯ್ಯನವರಿಗೆ ಅದರ ರುಚಿ ಹತ್ತಿಹೋಯಿತು. ನಾಲ್ಕು ಗಂಟೆಗೇ ಗಡಿಯಾರ ನೋಡಲು ಶುರುಮಾಡುತ್ತಿದ್ದರು.

ಮೂವತ್ತೆಂಟನೆಯ ಕಂತು ನೋಡಿದ ಮರುದಿನ ಶಿವರುದ್ರಮ್ಮನವರಿಗೆ ಎದೆನೋವು ಬಂದು ಆಸ್ಪತ್ರೆ ಸೇರಿದರು. ಅಲ್ಲಿ ಮಲಗಿಕೊಂಡು ಗಂಡನ ಕೈ ಹಿಡಿದು, "ರೀ, ಉಳಿದಿದ್ದನ್ನ ನಾನೇ ಬಂದು ಓದ್ ಹೇಳ್ತೀನಿ. ಬೇರೆ ಯಾರ್ ಕೈಲೂ ಓದಿಸ್ಕೊಂಡು ನೋಡ್ಬೇಡಿ" ಎಂದು ಮಾತು ತೆಗೆದುಕೊಂಡರು. ಐದನೆಯ ದಿನ ಹೋಗಿಬಿಟ್ಟರು. ಕತೆ ಅರ್ಧಕ್ಕೇ ನಿಂತಿತು. ಹೆಂಡತಿ ಹೋದ ದುಃಖ ಒಂದು ಕಡೆಗಾದರೆ, ಕತೆಯ ಆ ಹೆಂಗಸು ಕೊನೆಗೆ ಏನು ಹೇಳಿದಳು ಎನ್ನುವುದು ಇನ್ನೊಂದು ಕಡೆ ರುದ್ರಯ್ಯನವರ ಎದೆಯಲ್ಲಿ ಮುಳ್ಳಿನ ಹಾಗೆ ಮುರಿದುಕೊಂಡಿತ್ತು. ಅದೊಂದು ತಿಳಿದರೆ ಅವಳ ಜೊತೆ ಕೂತು ಮಾಡಿದ ಒಂದು ಕೆಲಸವಾದರೂ ಪೂರ್ತಿಯಾದಂತೆ ಎಂದು ಅವರಿಗೆ ಅನಿಸುತ್ತಿತ್ತು.

ಈಗ ನೋಡಿದರೆ ಇವತ್ತೇ ಕೊನೆ. ರುದ್ರಯ್ಯನವರು ಹೆಂಡತಿಯ ಫೋಟೋದ ಮುಂದೆ ನಿಂತು ಮೆಲ್ಲಗೆ, "ಇದೊಂದ್ ಸಲ ಒಪ್ಕೊಂಡುಬುಡು" ಎಂದು ಹೇಳಿ, ಅನುಪಮಾಳ ಕಡೆ ತಿರುಗಿದರು. "ನೀನು ಓದ್ ಹೇಳ್ತೀಯೇನಮ್ಮಾ?"

"ಅದಕ್ಕೇನಂತೆ ಅಂಕಲ್, ಬಟ್ಟೆ ಒಣಹಾಕಿ ಬರ್ತೀನಿ" ಎಂದಳು ಅವಳು.

ಆ ಬೀದಿಯಲ್ಲಿ ಒಬ್ಬರ ಮನೆಯ ಕುಕ್ಕರ್ ಕೂಗಿದರೆ ಇನ್ನೊಬ್ಬರ ಮನೆಯಲ್ಲಿ ಸೀಟಿ ಎಣಿಸುತ್ತಾರೆ. ಅನುಪಮಾ ಕೆಳಗಿಳಿಯುವಷ್ಟರಲ್ಲಿ ಪಕ್ಕದ ಮನೆಯ ಲಕ್ಷ್ಮೀನರಸಿಂಹಯ್ಯನವರು ಪೇಪರ್ ಸಮೇತ ಬಂದು ಒಳ್ಳೆಯ ಕುರ್ಚಿ ಹಿಡಿದಿದ್ದರು. ಅವರು ಕೋರ್ಟಿನಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಎದುರು ಮನೆಯ ಸುಬ್ಬಲಕ್ಷ್ಮಮ್ಮ, ಶಿವರುದ್ರಮ್ಮನ ಮೂವತ್ತು ವರ್ಷದ ಗೆಳತಿ, ಒಂದು ಡಬರಿ ಉಪ್ಪಿಟ್ಟು ತಂದು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿದರು.

"ಮೊದ್ಲು ಇಲ್ಲೀತನಕ ಏನಾಯ್ತು ಹೇಳಿ ರುದ್ರಯ್ಯನೋರೆ. ಇಲ್ದಿದ್ರೆ ನಮಗೇನ್ ತಿಳೀತದೆ?" ಎಂದರು ಸುಬ್ಬಲಕ್ಷ್ಮಮ್ಮ.

ಯಾರಿಗೂ ಎರಡು ಮಾತು ಹೆಚ್ಚು ಆಡದ ರುದ್ರಯ್ಯನವರು ಅವತ್ತು ಹರಿಕತೆ ದಾಸರ ಹಾಗೆ ಶುರುಮಾಡಿದರು.

"ಗಿರಿಜೆ ಅಂತ ಒಬ್ಳು ಹೆಣ್ಮಗ್ಳು. ಓದೋದ್ರಲ್ಲಿ ಬಲು ಚುರುಕು. ಅವ್ರಪ್ಪ ಏಳನೇ ಕ್ಲಾಸಿಗೆ ಸ್ಕೂಲ್ ಬಿಡಿಸಿ, ನಂಜುಂಡ ಅನ್ನೋನಿಗೆ ಕಟ್ಟಿಬುಟ್ಟ."

"ಕೊರಿಯಾದಲ್ಲಿ ನಂಜುಂಡಾನಾ ಅಂಕಲ್?"

"ಅಲ್ಲಿ ಹೆಸ್ರು ಬೇರೆ ಏನೋ ಐತೆ ಕಣಮ್ಮಾ. ನನ್ ನಾಲ್ಗೆ ಹೊರಳಲ್ಲ ಅಂತ ನಮ್ಮನೇವ್ಳು ಬದಲಾಯಿಸಿ ಹೇಳೋಳು. ಈ ನಂಜುಂಡ ಯಾವಾಗ್ಲೂ ನೀಲಿ ಡ್ಯೂಟಿ ಬಟ್ಟೇಲೇ ಇರ್ತಾನೆ. ಬಾಯೇ ಬಿಡಲ್ಲ. ಅವ್ನು ಗಾಜಿನ ಆ ಕಡೆ, ಇವ್ಳು ಈ ಕಡೆ ಕೂತಿರ್ತಾರೆ. ಗಂಡ ಹೆಂಡ್ತಿ ಮಧ್ಯೆ ಹಂಗೊಂದು ಗಾಜು ಐತೆ ಅಂತ ತೋರ್ಸೋಕೆ ಮಾಡವ್ರಂತೆ. ಅತ್ತೆ ಒಬ್ಳವ್ಳೆ, ಕಪ್ಪು ಶಾಲು ಹೊದ್ಕೊಂಡು ಎತ್ತರದ ಕುರ್ಚಿ ಮೇಲೆ ಕೂತು ಸುತ್ತಿಗೇಲಿ ಕುಟ್ತಾಳೆ. ಸೊಸೆ ಅಂದ್ರೆ ಅಷ್ಟು ಸಿಟ್ಟು."

ಲಕ್ಷ್ಮೀನರಸಿಂಹಯ್ಯನವರು ಕನ್ನಡಕದ ಮೇಲಿಂದ ನೋಡಿದರು. "ಸುತ್ತಿಗೇಲಾ?"

"ಹೂಂ. ಇನ್ನು ಕೇಳಿ. ಗಿರಿಜೆ ತಮ್ಮನ ಮದ್ವೆ. 'ಡ್ಯೂಟಿ ಮುಗಿಸಿ ಬಂದು ಕರ್ಕೊಂಡೋಗ್ತೀನಿ, ರೆಡಿಯಾಗಿರು' ಅಂದ ಈ ನಂಜುಂಡ. ಬೆಳಿಗ್ಗೆ ಐದಕ್ಕೇ ಸೀರೆ ಉಟ್ಟು, ಹೂ ಮುಡ್ಕೊಂಡು ಬಾಗ್ಲಲ್ಲಿ ಕೂತ್ಲು. ಸಂಜೆ ಆಯ್ತು. ಹೂ ಬಾಡ್ತು. ಅವ್ನು ಬಂದಿದ್ದು ಮೂರನೇ ದಿನಕ್ಕೆ. ಬಂದೋನು ಏನಂದ ಗೊತ್ತಾ? 'ಸಾರು ಏನ್ ಮಾಡಿದೀಯ?' ಅಂದ!"

"ಅಯ್ಯೋ ಅವನ ಮನೆ ಹಾಳಾಗ!" ಎಂದಳು ಅನುಪಮಾ. ಇಂಗ್ಲಿಷ್ ಟೀಚರ್ ಎನ್ನುವುದನ್ನೇ ಮರೆತಿದ್ದಳು.

"ಇನ್ನೊಂದ್ಸಲ ಗಿರಿಜೆ ಜ್ವರ ಬಂದು ಮೂರು ದಿನ ಎದ್ದಿರ್ಲಿಲ್ಲ. ಅವ್ನು ಹಾಸಿಗೆ ಹತ್ರ ಬಂದ. ಹಣೆ ಮುಟ್ತಾನೆ ಅಂತ ಇವ್ಳು ಕಣ್ಮುಚ್ಚಿದ್ಲು. 'ಬೀಗದ ಕೈ ಎಲ್ಲಿಟ್ಟಿದೀಯ' ಅಂತ ಕೇಳಿ ಹೋದ. ನಾನಂತೂ ದಿನಾ ಉಗಿದು ಉಪ್ಪಿನಕಾಯಿ ಹಾಕ್ತಿದ್ದೆ. ಕತ್ತೆ ನನ್ ಮಗ, ಇವನೇನ್ ಮನುಷ್ಯನಾ ಕಲ್ಲಾ ಅಂತ. ನಾನ್ ಬೈದಂಗೆಲ್ಲಾ ಶಿವರುದ್ರಿ ನಗೋಳು. ಕಣ್ಣಲ್ಲಿ ನೀರ್ ಬರೋ ತನಕ ನಗೋಳು."

ಸುಬ್ಬಲಕ್ಷ್ಮಮ್ಮನ ಕೈಯಲ್ಲಿದ್ದ ಉಪ್ಪಿಟ್ಟಿನ ತುತ್ತು ಬಾಯಿಗೆ ಹೋಗದೆ ನಿಂತಿತ್ತು. ರುದ್ರಯ್ಯನವರ ಮುಖವನ್ನೇ ಒಂದು ಥರ ನೋಡುತ್ತಿದ್ದರು.

"ಕಡೆಗೆ ಮೂವತ್ತೆಂಟನೇದ್ರಲ್ಲಿ ಗಿರಿಜೆ ಗಂಟು ಕಟ್ಕೊಂಡು ತವರಿಗೆ ಹೊರಟವ್ಳೆ. ಗಾಜಿನ ಮುಂದೆ ಕೂತವ್ಳೆ. ಅವತ್ತು ಮೊದಲ್ನೇ ಸಲ ನಂಜುಂಡ ಬಾಯ್ಬಿಟ್ಟು, 'ನನ್ ತಪ್ಪನ್ನ ಹೊಟ್ಟೇಗಾಕ್ಕೊಂತೀಯಾ?' ಅಂತ ಕೇಳ್ದ. ಅಷ್ಟಕ್ಕೇ ಮುಗೀತು. ಅವ್ಳು ಏನಂದ್ಲು? ಅದೊಂದ್ ಹೇಳಮ್ಮಾ ನಂಗೆ, ಸಾಕು."

ಅನುಪಮಾ ಮೂವತ್ತೊಂಬತ್ತನೆಯ ಕಂತು ಹಾಕಿದಳು. ಗಿರಿಜೆ ಬಂದಳು. ಕೈಯಲ್ಲಿ ಕಡತ ಹಿಡಿದು ಕಪ್ಪು ಶಾಲಿನ ಅತ್ತೆಯ ಮುಂದೆ ನಿಂತು ಏನೋ ಹೇಳಿದಳು. ಕೆಳಗೆ ಇಂಗ್ಲಿಷ್ ಸಾಲು ಬಂತು.

"'ಸ್ವಾಮಿ, ಏಳನೇ ಸಾಕ್ಷಿಯನ್ನ ಕರೆಯೋಕೆ ಅನುಮತಿ ಕೊಡಿ' ಅಂತಿದಾಳೆ" ಎಂದಳು ಅನುಪಮಾ.

"ಯಾವ ಸಾಕ್ಷಿ? ಅತ್ತೆ ಹತ್ರ ಏನ್ ಸಾಕ್ಷಿ?"

"ಅಂಕಲ್, ಅದು ಅತ್ತೆ ಅಲ್ಲ, ಜಡ್ಜು. ಇವಳು ಲಾಯರ್. ಆ ನೀಲಿ ಬಟ್ಟೆಯವನು ಕೊಲೆ ಕೇಸಲ್ಲಿ ಜೈಲಲ್ಲಿದಾನೆ."

ರುದ್ರಯ್ಯನವರ ಮುಖ ಕೆಂಪಾಯಿತು. "ನೋಡಮ್ಮಾ, ಬೇಜಾರ್ ಮಾಡ್ಕೋಬೇಡ. ನಿಂಗೆ ಸ್ಕೂಲ್ ಪುಸ್ತಕದ ಇಂಗ್ಲಿಷ್ ಬರ್ಬೋದು. ಇದು ಬೇರೆ. ನಮ್ಮನೇವ್ಳು ನಲವತ್ತು ವರ್ಷ ಓದ್ದೋಳು."

"ಅಂಕಲ್, ನಾನು ಎಂ.ಎ. ಮಾಡಿದೀನಿ."

"ಮಾಡಿರ್ಬೋದಮ್ಮಾ. ಎಲ್ಲಾರ್ಗೂ ಹತ್ತಲ್ಲ ಅದು."

ಅನುಪಮಾ ರಿಮೋಟನ್ನು ಟೀಪಾಯಿ ಮೇಲಿಟ್ಟು ದಡದಡ ಮೆಟ್ಟಿಲು ಹತ್ತಿದಳು. ಜಡ್ಜು ಎಂದದ್ದೇ ತಡ ನೆಟ್ಟಗೆ ಕೂತಿದ್ದ ಲಕ್ಷ್ಮೀನರಸಿಂಹಯ್ಯನವರು, "ಆ ಹುಡುಗಿ ಸರಿಯಾಗೇ ಹೇಳ್ತು ರೀ. ಇದು ಸೆಷನ್ಸ್ ಕೇಸು. ನೋಡಿ, ಈಗ ಕ್ರಾಸ್ ಎಗ್ಸಾಮಿನೇಷನ್ ಶುರುವಾಗತ್ತೆ" ಎಂದು ಕೈ ಉಜ್ಜಿಕೊಂಡರು.

"ನಿಮ್ಗೆ ಎಲ್ಲಿ ನೋಡಿದ್ರೂ ಕೋರ್ಟೇ ಕಾಣೋದು! ನಿಮ್ಮ ಇಂಗ್ಲಿಷೆಲ್ಲಾ ವಾಯಿದೆ ಬರ್ಯಕ್ಕಷ್ಟೇ!" ಎಂದರು ರುದ್ರಯ್ಯ. ಇಷ್ಟು ವರ್ಷದ ನೆರೆಹೊರೆಯಲ್ಲಿ ಅವರು ಲಕ್ಷ್ಮೀನರಸಿಂಹಯ್ಯನವರಿಗೆ ಆಡಿದ ಅತಿ ಉದ್ದದ ಮಾತು ಅದು.

ಜಗಳ ಜೋರಾಗುವ ಮೊದಲೇ ರುದ್ರಯ್ಯನವರಿಗೆ ಒಂದು ಉಪಾಯ ಹೊಳೆಯಿತು. ಕೆಳಗಿನ ಬರಹ ಯಾವುದೋ ಬೇರೆ ಧಾರಾವಾಹಿಯದ್ದು, ತಪ್ಪಿ ಇಲ್ಲಿ ಬಂದು ಸೇರಿಕೊಂಡಿದೆ! ಕೂಡಲೇ ರವಿಕಿರಣನಿಗೆ ಫೋನ್ ಮಾಡಿದರು. ಭಾನುವಾರದ ವ್ಯಾಪಾರ ಬಿಟ್ಟು ಅವನು ಸ್ಕೂಟರಿನಲ್ಲಿ ಓಡಿ ಬಂದ. ಏನೇನೋ ಒತ್ತಿದ. ಅರಬ್ಬಿ ಬಂತು, ಚೀನೀ ಬಂತು, ಹುಳ ಹರಿದಾಡಿದಂತೆ ಇನ್ಯಾವುದೋ ಭಾಷೆ ಬಂತು. ಕನ್ನಡವೊಂದು ಮಾತ್ರ ಬರಲಿಲ್ಲ.

"ಮಾವ, ಬರಹ ಸರಿಯಾಗೇ ಇದೆ. ಬೇಕಾದ್ರೆ ಮೊದಲ್ನೇ ಎಪಿಸೋಡ್ ಹಾಕ್ತೀನಿ. ಅದು ನಿಮಗೆ ಗೊತ್ತಿರೋದೇ ಅಲ್ವಾ, ತಾಳೆ ನೋಡಿ."

ರುದ್ರಯ್ಯನವರೇ ಮಹಡಿ ಹತ್ತಿ, ಬಾಗಿಲಲ್ಲಿ ನಿಂತು, "ತಪ್ಪಾಯ್ತು ಕಣಮ್ಮಾ, ದೊಡ್ಡೋನು ಅಂತ ಮರ್ತುಬುಡು" ಎಂದು ಅನುಪಮಾಳನ್ನು ಕರೆತಂದರು. ಮೊದಲ ಕಂತು ಶುರುವಾಯಿತು. ಗಿರಿಜೆ ಕಿಟಕಿಯ ಹತ್ತಿರ ನಿಂತು ಹೊರಗೆ ನೋಡುತ್ತ ಮಾತಾಡಿದಳು. ರುದ್ರಯ್ಯನವರು ಬಾಯಿಪಾಠ ಒಪ್ಪಿಸಿದರು: "'ಕನಕಾಂಬರ ತಂದ್ಕೊಡಿ ಅಂತ ಒಂದ್ಸಲ ಕೇಳಿದ್ದೆ. ಆಮೇಲೆ ಕೇಳ್ಲಿಲ್ಲ.' ಹಂಗೇ ಐತಲ್ಲ?"

ಅನುಪಮಾ ತಲೆ ತಗ್ಗಿಸಿದಳು. "'ಪೋಸ್ಟ್ ಮಾರ್ಟಂ ರಿಪೋರ್ಟ್ ಇನ್ನೂ ಬಂದಿಲ್ವಾ?' ಅಂತ ಇದೆ ಅಂಕಲ್."

ರುದ್ರಯ್ಯನವರು ಒಬ್ಬೊಬ್ಬರ ಮುಖವನ್ನೂ ನೋಡಿದರು. "ಹಂಗಾದ್ರೆ ನಮ್ಮನೇವ್ಳು ಓದಿದ್ದು ಏನು?"

ಲಕ್ಷ್ಮೀನರಸಿಂಹಯ್ಯನವರು ಪೇಪರನ್ನು ನಾಲ್ಕು ಮಡಿಕೆ ಮಡಿಸಿದರು. "ನೋಡಿ ರುದ್ರಯ್ಯ, ಇನ್ನು ಮುಚ್ಚಿಟ್ಟು ಏನು ಪ್ರಯೋಜನ? ಆಕೆಗೆ ಇಂಗ್ಲಿಷ್ ಬರ್ತಿರಲಿಲ್ಲ. ಅಕ್ಷರ ಗೊತ್ತಿತ್ತು, ಅಷ್ಟೆ. ನಿಮ್ಮ ಮನೆಗೆ ಬರೋ ಇಂಗ್ಲಿಷ್ ಕಾಗದ ಎಲ್ಲಾ ಇಪ್ಪತ್ತು ವರ್ಷದಿಂದ ಓದ್ತಾ ಇದ್ದದ್ದು ನಾನು. ಸೆರಗಲ್ಲಿ ಮುಚ್ಕೊಂಡು ತರೋರು. 'ನಮ್ಮೆಜಮಾನ್ರು ಊರಿಗೆಲ್ಲಾ ಹೇಳ್ಕೊಂಡವ್ರೆ, ಅವರಿಗೆ ಅವಮಾನ ಆಗ್ಬಾರ್ದು' ಅನ್ನೋರು."

ಸುಬ್ಬಲಕ್ಷ್ಮಮ್ಮ, "ನಂಗೂ ಗೊತ್ತಿತ್ತು" ಎಂದರು. ರವಿಕಿರಣ ಕತ್ತು ಕೆರೆದುಕೊಂಡ. ಅಂದರೆ ಅವನಿಗೂ ಗೊತ್ತಿತ್ತು. ಇಡೀ ಬೀದಿಗೆ, ಇಡೀ ಕುಣಿಗಲ್ಲಿಗೆ ಗೊತ್ತಿದ್ದ ಸಂಗತಿ ತಿಳಿಯದೆ ಇದ್ದದ್ದು ಅದನ್ನು ಡಂಗುರ ಹೊಡೆದ ಒಬ್ಬರಿಗೇ. ಬೇರೆ ದಿನವಾಗಿದ್ದರೆ ಎಲ್ಲರೂ ಬಿದ್ದು ಬಿದ್ದು ನಗಬಹುದಿತ್ತು.

"ಹೋಗ್ಲಿ ಬುಡಿ" ಎಂದರು ರುದ್ರಯ್ಯ, ಬಲವಂತವಾಗಿ ನಗುತ್ತ. "ಹಂಗಾದ್ರೆ ಅಷ್ಟು ದೊಡ್ಡ ಕತೇನ ಅವ್ಳೇ ಕಟ್ಟಿದ್ಲಾ? ಭೇಷ್! ಆ ಕತ್ತೆ ನಂಜುಂಡನ್ನ ಎಲ್ಲಿಂದ ಹುಡುಕಿದ್ಲೋ!"

"ಯಾವ ನಂಜುಂಡ?" ಎಂದ ರವಿಕಿರಣ. ಅನುಪಮಾ ಚುಟುಕಾಗಿ ಹೇಳಿದಳು. ತಮ್ಮನ ಮದುವೆ, ಐದು ಗಂಟೆಗೆ ಉಟ್ಟ ಸೀರೆ, ಮೂರನೆಯ ದಿನದ ಸಾರು. ಕೇಳುತ್ತ ಕೇಳುತ್ತ ಹುಡುಗನ ಮುಖ ಸಪ್ಪಗಾಯಿತು.

"ಮಾವ, ಅದು ನಮ್ಮಪ್ಪನ ಮದ್ವೆ. ಧಾರೆ ಹೊತ್ತಿಗೂ ಅಕ್ಕ ಬರ್ಲಿಲ್ಲ ಅಂತ ಅಪ್ಪ ಈಗ್ಲೂ ಹೇಳ್ತಾರೆ. ನಿಮಗೆ ಅವತ್ತು ಸ್ಪೆಷಲ್ ಬಸ್ ಡ್ಯೂಟಿ ಹಾಕಿದ್ರಂತೆ."

"ಜ್ವರ ಬಂದಾಗ ಗಂಜಿ ಕಾಯಿಸಿಕೊಟ್ಟೋಳು ನಾನು" ಎಂದರು ಸುಬ್ಬಲಕ್ಷ್ಮಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. "ನೀವು ಬೀಗದ ಕೈ ಕೇಳಿದಾಗ ನಾನು ಅಲ್ಲೇ ಇದ್ದೆ ರುದ್ರಯ್ಯನೋರೆ."

ರುದ್ರಯ್ಯನವರು ನೆನಪಿಸಿಕೊಳ್ಳಲು ನೋಡಿದರು. ಬಸ್ಸು ನೆನಪಿತ್ತು, ಆ ವರ್ಷ ಬದಲಾಯಿಸಿದ ಟೈರು ನೆನಪಿತ್ತು. ಬಾಗಿಲಲ್ಲಿ ಹೂ ಮುಡಿದು ಕೂತವಳು ನೆನಪಿಗೆ ಬರಲಿಲ್ಲ. ಮೂವತ್ತೆಂಟು ಸಂಜೆ ಅವಳು ಅವರ ಪಕ್ಕದಲ್ಲೇ ಕೂತು, ಪರದೆಯ ಕಡೆ ಕೈ ತೋರಿಸಿ, ಅವರ ವಿಷಯವನ್ನೇ ಅವರಿಗೆ ಹೇಳಿದ್ದಳು. ಅವರು ಕಾಲು ಮೇಲೆ ಕಾಲು ಹಾಕಿಕೊಂಡು ಎಂಥಾ ಕತ್ತೆ ಎಂದು ಬೈದಿದ್ದರು.

ಅನುಪಮಾ ಅವರಿಗೆ ನೀರು ತಂದುಕೊಟ್ಟಳು. "ಅಂಕಲ್, ಆಂಟಿ ಅದನ್ನ ನಗ್ತಾ ನಗ್ತಾ ಹೇಳಿದಾರೆ ಅಂದ್ಮೇಲೆ ಮನಸ್ಸಲ್ಲಿ ಏನೂ ಇಟ್ಕೊಂಡಿರಲ್ಲ. ಕೊನೇಲಿ ಗಿರಿಜೆ ಒಪ್ಕೋತಿದ್ಲು, ನೋಡ್ತಿರಿ."

"ಅವತ್ತು ಅವ್ಳು ನನ್ನೇ ಕೇಳಿದ್ಲು ಕಣಮ್ಮಾ." ರುದ್ರಯ್ಯನವರ ದನಿ ಬಾವಿಯೊಳಗಿಂದ ಬಂದಂತಿತ್ತು. "ಮೂವತ್ತೆಂಟನೇದು ಮುಗಿದ್ಮೇಲೆ. 'ನೀವೇನಂತೀರಿ? ಗಿರಿಜೆ ಒಪ್ಕೋಬೇಕಾ?' ಅಂದ್ಲು. ನಾನು, 'ಅಂಥೋನ್ನ ಯಾಕ್ ಒಪ್ಕೋಬೇಕು? ಜೀವ ಇರೋ ತನಕ ಮುಖ ನೋಡ್ಬಾರ್ದು. ಎದ್ದು ಹೋಗ್ಲಿ' ಅಂದೆ."

"ಅದಕ್ಕೆ ಅವಳು ಏನಂದ್ಲು?" ಎಂದರು ಸುಬ್ಬಲಕ್ಷ್ಮಮ್ಮ.

"'ಹೌದಾ, ಹಂಗಂತೀರಾ?' ಅಂದು ಟೀವಿ ಆಫ್ ಮಾಡಿದ್ಲು. ಊಟಕ್ಕೆ ಬಡಿಸಿದ್ಲು."

ಸುಬ್ಬಲಕ್ಷ್ಮಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡರು. ಲಕ್ಷ್ಮೀನರಸಿಂಹಯ್ಯನವರು ಎದ್ದು ಹೋಗಲೋ ಬೇಡವೋ ತಿಳಿಯದೆ ಕುರ್ಚಿಯ ತುದಿಗೆ ಬಂದು ಕೂತರು. ರುದ್ರಯ್ಯನವರೇ, "ಕೊನೇದು ಹಾಕಪ್ಪಾ. ಅವ್ಳು ಗಿರಿಜೆ ಅಲ್ಲ, ಗೊತ್ತು ನಂಗೆ. ಆದ್ರೂ ಹಾಕು" ಎಂದರು.

ರವಿಕಿರಣ ನಲವತ್ತನೆಯ ಕಂತಿನ ಕೊನೆಯ ಭಾಗಕ್ಕೆ ಓಡಿಸಿದ. ಗಾಜಿನ ಈ ಕಡೆ ಅವಳು, ಆ ಕಡೆ ನೀಲಿ ಬಟ್ಟೆಯವನು. ಅವನು ತಲೆ ತಗ್ಗಿಸಿ ಏನೋ ಕೇಳಿದ. ಅವಳು ಬಹಳ ಹೊತ್ತು ಅವನನ್ನೇ ನೋಡಿದಳು. ಆಮೇಲೆ ಅಂಗೈಯನ್ನು ಗಾಜಿಗೆ ಒತ್ತಿ ಒಂದೇ ಒಂದು ಮಾತು ಆಡಿದಳು. ಕೆಳಗೆ ಬಿಳಿಯ ಅಕ್ಷರದಲ್ಲಿ ಒಂದು ಸಾಲು ಮೂಡಿತು.

"ಏನಂತೆ?" ಎಂದರು ರುದ್ರಯ್ಯ.

ಅನುಪಮಾ ಪರದೆಯಿಂದ ಕಣ್ಣು ತೆಗೆದು ಅವರ ಕಡೆ ತಿರುಗಿದಳು. "'ನಿಮ್ಮನ್ನ ಯಾವತ್ತೋ ಕ್ಷಮಿಸಿಬಿಟ್ಟಿದೀನಿ' ಅಂತಿದಾಳೆ ಅಂಕಲ್."

ರುದ್ರಯ್ಯನವರು ಅವಳ ಒದ್ದೆಯಾದ ಕಣ್ಣನ್ನು ನೋಡಿದರು. ಆಮೇಲೆ ಲಕ್ಷ್ಮೀನರಸಿಂಹಯ್ಯನವರ ಕಡೆ ತಿರುಗಿದರು. ಅವರು ಮುಂದೆ ಬಗ್ಗಿ ಎರಡು ಸಲ ಓದಿ, "ಅದೇ ಇದೆ ರುದ್ರಯ್ಯ. ನರಸಿಂಹಸ್ವಾಮಿ ಆಣೆಗೂ ಅದೇ ಬರೆದಿದೆ" ಎಂದರು. ರವಿಕಿರಣ ಚಿತ್ರ ನಿಲ್ಲಿಸಿ, ಪರದೆಯ ಹತ್ತಿರ ಹೋಗಿ, ಒಂದೊಂದು ಪದದ ಕೆಳಗೂ ಬೆರಳಿಟ್ಟು, "ನೋಡಿ ಮಾವ, ಇದು ಕ್ಷಮೆ, ಇದು ನಿಮ್ಮನ್ನ" ಎಂದು ತೋರಿಸಿದ. ಮೂವರೂ ಹೇಳಿದ್ದು ಸತ್ಯವೇ. ಅಲ್ಲಿ ಬರೆದಿದ್ದು ಅಕ್ಷರಶಃ ಅದೇ ಮಾತು.

ರುದ್ರಯ್ಯನವರು ಆ ಬಿಳಿಯ ಗೆರೆಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಮೂವರಿಗೂ ಕೈ ಮುಗಿದರು.

"ಒಳ್ಳೇ ಜನ ಕಣಪ್ಪಾ ನೀವು" ಎಂದರು. "ಅವ್ಳಂಗೇ ಓದ್ತೀರಿ."